ಪ್ರಶ್ನೆ ಕೇಳಿದ್ದು ಅವರನ್ನು

ಕ್ಯಾನ್ಸರ್‌ನಿಂದಾಗಿ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಸಿಕೊಂಡವರು ವಾಕ್ ಚಿಕಿತ್ಸೆಗೆ ಬಂದಾಗ ನಾನು ಮೊದಲು ವಿಚಾರಿಸುವುದು ಊಟ, ನಿದ್ದೆಯನ್ನು. ಉತ್ತರ ಬರುವುದು ಪಕ್ಕದ ಕುರ್ಚಿಯಿಂದ. "ಮುದ್ದೆ ಚೆನ್ನಾಗಿ ಇಳಿಯುತ್ತದೆ ಸರ್. ಮಾತು ಮಾತ್ರ ಹೋಯಿತು." ರೋಗಿಯ ತುಟಿಗಳು ಆಗಲೇ ಅಲುಗಾಡಿರುತ್ತವೆ. ಅವರನ್ನು ಯಾರೂ ನೋಡುತ್ತಿರುವುದಿಲ್ಲ.

ಮಾತು ಹೋಗಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ. ಧ್ವನಿಪೆಟ್ಟಿಗೆ ಹುಟ್ಟಿಸುವುದು ನಾದವನ್ನು. ಆ ನಾದವನ್ನು ಅಕ್ಷರಗಳಾಗಿ ಒಡೆಯುವುದು ನಾಲಿಗೆ, ತುಟಿ, ಹಲ್ಲು, ಅಂಗಳು. ಶಸ್ತ್ರಚಿಕಿತ್ಸೆಯ ನಂತರವೂ ಸಾಮಾನ್ಯವಾಗಿ ಇವೆಲ್ಲ ಇರುತ್ತವೆ. ಇಲ್ಲದಿರುವುದು ನಾದದ ಮೂಲ ಮಾತ್ರ, ಅದನ್ನು ಬೇರೆ ಕಡೆಯಿಂದ ಒದಗಿಸಬಹುದು. ಅನ್ನನಾಳಕ್ಕೆ ಗಾಳಿ ಎಳೆದುಕೊಂಡು ಹೊರಬಿಡುತ್ತಾ ಮಾತನಾಡುವುದನ್ನು ಕಲಿಯಬಹುದು. ಕುತ್ತಿಗೆಗೆ ಒತ್ತಿ ಹಿಡಿಯುವ ಎಲೆಕ್ಟ್ರೋಲ್ಯಾರಿಂಕ್ಸ್ ಯಂತ್ರವಿದೆ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಕೂರಿಸುವ ಪುಟ್ಟ ಕವಾಟವಿದೆ. ಬೆಂಗಳೂರಿನ ಡಾ. ವಿಶಾಲ್ ರಾವ್ ರೂಪಿಸಿದ 50 ರೂಪಾಯಿಯ ಕವಾಟದ ಸುದ್ದಿ ಓದಿ ಅದನ್ನೇ ಕೇಳಿಕೊಂಡು ಬರುವವರೂ ಇದ್ದಾರೆ. ಯಾರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಶಸ್ತ್ರವೈದ್ಯರು ಗಂಟಲು ನೋಡಿಯೇ ಹೇಳಬೇಕು; ಅಂಕಣ ಓದಿ ತೀರ್ಮಾನಿಸುವ ವಿಷಯ ಅದಲ್ಲ.

ಯಾವ ದಾರಿ ಹಿಡಿದರೂ ಹಳೆಯ ಕಂಠ ಮರಳುವುದಿಲ್ಲ. ಯಂತ್ರದಲ್ಲಿ "ಕಂಡ" ಎಂದದ್ದು "ಗಂಡ" ಎಂದು ಕೇಳಿಸಬಹುದು. ಕಿವಿ ಪಳಗಬೇಕಾದದ್ದು ಮನೆಯವರದು. ಅದಕ್ಕೆ ಕಾಯಬೇಕು, ಕೇಳಬೇಕು, ತಿಳಿಯದಿದ್ದರೆ "ಇನ್ನೊಮ್ಮೆ ಹೇಳಿ" ಎನ್ನಬೇಕು. ಪ್ರೀತಿಯಿಂದಲೇ ಆದರೂ ಪ್ರತಿ ವಾಕ್ಯವನ್ನೂ ನೀವೇ ಮುಗಿಸಿಬಿಟ್ಟರೆ ಅವರು ಅಭ್ಯಾಸ ಮಾಡುವುದು ಯಾರ ಜೊತೆ?

ಪಾಂಡವಪುರದ ಕಡೆಯ ಆಲೆಮನೆ ಯಜಮಾನರೊಬ್ಬರು ಬರುತ್ತಿದ್ದರು. ಹೊಗೆ, ಬೂದಿ ಇರುವಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಉಸಿರಾಡುವ ಕುತ್ತಿಗೆಯ ರಂಧ್ರ ಕಾಪಾಡುವುದು ಕಷ್ಟವೆಂದು ಒಲೆಯ ಬಳಿ ಹೋಗಬೇಡಿ ಎಂದಿದ್ದೆ. ಮಗ ಅದನ್ನೇ ಹಿಡಿದು ವ್ಯಾಪಾರವನ್ನೂ ಬಿಡಿಸಿದ್ದರು. ಯಜಮಾನರು ಕೆಲಸದವರ ಜೊತೆ, ಬೆಲ್ಲ ಕೊಳ್ಳುವವರ ಜೊತೆ ಜೀವನವಿಡೀ ಜೋರಾಗಿ ಮಾತನಾಡಿಕೊಂಡು ಬದುಕಿದವರು. ಮಗನನ್ನು ಹೊರಗೆ ಕೂರಿಸಿ, ಬೆಲ್ಲದ ದರ ಹೇಳುವುದನ್ನೇ ಪಾಠ ಮಾಡಿದೆವು. ಕೆಲವು ತಿಂಗಳ ಮೇಲೆ ಮಂಡ್ಯದ ಮಂಡಿಯಲ್ಲಿ ಯಂತ್ರ ಹಿಡಿದು ತಾವೇ ಚೌಕಾಸಿ ಮಾಡಿ ಬಂದರು. ಎಲ್ಲರಿಗೂ ಹೀಗೆಯೇ ಆಗುತ್ತದೆಂದು ಹೇಳಲಾರೆ. ವಿಕಿರಣ ಪಡೆದವರಲ್ಲಿ ಕೆಲವರಿಗೆ ತುಂಬಾ ಕಷ್ಟ. ಆದರೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದ್ದೂ "ಇನ್ನೇನು ಪ್ರಯೋಜನ" ಎಂದು ಮನೆಯವರೇ ಕೈಚೆಲ್ಲುವುದನ್ನು ಕಂಡಾಗ ಸಂಕಟವಾಗುತ್ತದೆ.

ನೀವು ಅವರ ಪರವಾಗಿ ಮಾತನಾಡಲೇಬೇಕಾದ ಹೊತ್ತು ಒಂದಿದೆ. ಅವರು ಪ್ರಜ್ಞೆ ತಪ್ಪಿದರೆ, ಆಂಬುಲೆನ್ಸ್‌ನವರು ಅಭ್ಯಾಸಬಲದಿಂದ ಆಮ್ಲಜನಕದ ಮಾಸ್ಕನ್ನು ಮುಖಕ್ಕಷ್ಟೇ ಹಾಕಬಹುದು. ಧ್ವನಿಪೆಟ್ಟಿಗೆ ಪೂರ್ತಿ ತೆಗೆದವರಿಗೆ ಮೂಗು, ಬಾಯಿಯಿಂದ ಶ್ವಾಸಕೋಶಕ್ಕೆ ದಾರಿಯೇ ಇರುವುದಿಲ್ಲ. ಆಮ್ಲಜನಕ ಕುತ್ತಿಗೆಯ ರಂಧ್ರಕ್ಕೆ ಕೊಡಬೇಕು ಎಂದು ಕೂಗಿ ಹೇಳಿ. ಅದೇ ಮಾತನ್ನು ಬರೆದ ಚೀಟಿಯೊಂದು ಅವರ ಜೇಬಿನಲ್ಲಿ ಸದಾ ಇರಲಿ.