ಮೀರತ್ತಿನ ಅಂಗಡಿ ಸಾಲು, ಬೆಂಗಳೂರಿನ ಕರೆಂಟ್ ಮೀಟರು

ಮನೆ ಕಟ್ಟಿ ಮುಗಿದಿದೆ, ಗೃಹಪ್ರವೇಶಕ್ಕೆ ದಿನಾನೂ ನೋಡಿ ಆಗಿದೆ, ಆದ್ರೆ ಪರ್ಮನೆಂಟ್ ಕರೆಂಟ್ ಕನೆಕ್ಷನ್ ಕೇಳಿದ್ರೆ ಓಸಿ, ಅಂದ್ರೆ ಮನೇಲಿ ವಾಸ ಮಾಡಬಹುದು ಅನ್ನೋ ಸರ್ಟಿಫಿಕೇಟ್, ತನ್ನಿ ಅಂತಾರೆ. 2025ರಲ್ಲಿ ಬೆಂಗಳೂರಲ್ಲಿ ಮನೆ ಕಟ್ಟಿಸಿದ ಎಷ್ಟೋ ಜನರ ಗೋಳು ಇದೇ. ಬೈಗುಳ ಎಲ್ಲಾ ಕರೆಂಟ್ ಕಂಪನಿ ಬೆಸ್ಕಾಂ ಪಾಲಿಗೆ, ಆದ್ರೆ ಇದರ ಬೇರು ಇರೋದು ಉತ್ತರ ಪ್ರದೇಶದ ಮೀರತ್ತಲ್ಲಿ.

ಅಲ್ಲಿನ ಶಾಸ್ತ್ರಿನಗರದಲ್ಲಿ ವಾಸಕ್ಕೆ ಅಂತ ಕೊಟ್ಟಿದ್ದ ಸೈಟಲ್ಲಿ ಅಂಗಡಿಗಳು ಎದ್ವು. ಕೆಡವಿ ಅಂತ 2014ರಲ್ಲಿ ಅಲಹಾಬಾದ್ ಹೈಕೋರ್ಟ್ ಹೇಳ್ತು, ಅಂಗಡಿಯೋರು ಸುಪ್ರೀಂ ಕೋರ್ಟಿಗೆ ಹೋದ್ರು, ಹತ್ತು ವರ್ಷ ಕಳೀತು. 2024ರ ಡಿಸೆಂಬರ್ 17ಕ್ಕೆ ನ್ಯಾಯಮೂರ್ತಿ ಪಾರ್ದಿವಾಲಾ, ಮಹಾದೇವನ್ ಪೀಠ ಅಪೀಲು ವಜಾ ಮಾಡ್ತು. ಅಷ್ಟಕ್ಕೇ ಬಿಟ್ಟಿದ್ರೆ ನಮ್ ಕಡೆ ಯಾರಿಗೂ ಗೊತ್ತಾಗ್ತಿರಲಿಲ್ಲವೇನೋ, ಆದ್ರೆ ಪೀಠ ಇಡೀ ದೇಶಕ್ಕೇ ಅನ್ವಯ ಆಗೋ ಸೂಚನೆ ಕೊಡ್ತು: ಸಿಸಿ (ಕಟ್ಟಡ ಮುಗಿದಿದೆ ಅನ್ನೋ ಸರ್ಟಿಫಿಕೇಟ್) ಅಥವಾ ಓಸಿ ಇಲ್ದೆ ಕರೆಂಟು, ನೀರು, ಒಳಚರಂಡಿ ಕೊಡಬಾರದು, ಬ್ಯಾಂಕಿನೋರು ಕೂಡ ಅದನ್ನ ನೋಡಿಯೇ ಸಾಲ ಕೊಡಬೇಕು, ಅನಧಿಕೃತ ಕಟ್ಟಡದಲ್ಲಿ ವ್ಯಾಪಾರ ಮಾಡೋಕೆ ಯಾವ ಲೈಸೆನ್ಸೂ ಇಲ್ಲ, ತಪ್ಪಾಗಿ ಸರ್ಟಿಫಿಕೇಟ್ ಕೊಟ್ಟ ಅಧಿಕಾರಿ ಮೇಲೂ ಕ್ರಮ. ಈ ಕೊನೇದು ಬಿದ್ದ ಮೇಲೆ ಯಾವ ಆಫೀಸರ್ ತಾನೇ ಧೈರ್ಯವಾಗಿ ಸಹಿ ಹಾಕ್ತಾನೆ ಹೇಳಿ?

ಹೀಗಾಗಿ ಮನೆ ಓನರ್ರು ಮಾತ್ರ ಅಲ್ಲ, ಕೆಳಗಡೆ ಬೇಕರಿ, ಮೇಲೆ ಡಾಕ್ಟರ್ ಕ್ಲಿನಿಕ್ಕು, ಅದರ ಮೇಲೆ ಪಿಜಿ ಅನ್ನೋ ನಮ್ಮೂರ ಮಾಮೂಲಿ ಬಿಲ್ಡಿಂಗ್ ಇದ್ಯಲ್ಲ, ಪ್ಲಾನಲ್ಲಿ ಬರೀ ಮನೆ ಅಂತಿದ್ರೆ ಅಲ್ಲಿರೋ ಎಲ್ಲರಿಗೂ ಭಯ.

ನಮ್ಮ ಸರ್ಕಾರಕ್ಕೆ ಈ ರೋಗ ಗೊತ್ತಿರಲಿಲ್ವಾ? ಚೆನ್ನಾಗೇ ಗೊತ್ತಿತ್ತು. ಎರಡು ಮಹಡಿಗೆ ಪ್ಲಾನ್ ತಗೊಂಡು ನಾಲ್ಕು ಎಬ್ಬಿಸೋದು, ಸುತ್ತ ಬಿಡಬೇಕಾದ ಜಾಗ, ಅಂದ್ರೆ ಸೆಟ್‌ಬ್ಯಾಕ್, ನುಂಗೋದು ಹೊಸದಲ್ಲ. ದಂಡ ಕಟ್ಟಿಸ್ಕೊಂಡು ಸರಿ ಮಾಡೋಣ ಅಂತ ಅಕ್ರಮ-ಸಕ್ರಮ ತಂದ್ರು, ಮನೆಗಾದ್ರೆ ಶೇ 50, ಕಮರ್ಷಿಯಲ್‌ಗೆ ಶೇ 25ರವರೆಗೆ ಪ್ಲಾನ್ ಮೀರಿದ್ರೆ ಮಾಫಿ ಅಂತ. 2016ರ ಡಿಸೆಂಬರಲ್ಲಿ ಕರ್ನಾಟಕ ಹೈಕೋರ್ಟ್ ಸೈ ಅಂತು, ಒಂದೇ ತಿಂಗಳಿಗೆ, 2017ರ ಜನವರಿಲಿ, ಸುಪ್ರೀಂ ಕೋರ್ಟ್ ತಡೆ ಕೊಡ್ತು. ಅಕ್ರಮ ಉಳೀತು, ಸಕ್ರಮ ನಿಂತೋಯ್ತು, ಜನ ಕಟ್ಟೋದನ್ನಂತೂ ನಿಲ್ಲಿಸಲಿಲ್ಲ. ಕರೆಂಟು ಹೇಗೋ ಸಿಗ್ತಿತ್ತಲ್ಲ, ಓಸಿ ಯಾರಿಗೆ ಬೇಕಿತ್ತು!

ಮೀರತ್ ತೀರ್ಪು ಕೈ ಹಾಕಿದ್ದು ಸರಿಯಾಗಿ ಆ ಕರೆಂಟಿಗೇ. ಸಾವಿರಾರು ಅರ್ಜಿ ಪೆಂಡಿಂಗ್ ಬಿದ್ದು ಗಲಾಟೆ ಜೋರಾದ ಮೇಲೆ 2025ರಲ್ಲೇ ಸರ್ಕಾರ ಒಂದು ದಾರಿ ಹುಡುಕ್ತು: 1200 ಚದರಡಿವರೆಗಿನ ಸೈಟಲ್ಲಿ ಗ್ರೌಂಡ್ ಪ್ಲಸ್ ಎರಡು, ಇಲ್ಲಾಂದ್ರೆ ಸ್ಟಿಲ್ಟ್ (ಕೆಳಗಡೆ ಕಂಬದ ಮೇಲೆ ಬಿಟ್ಟ ಪಾರ್ಕಿಂಗ್) ಪ್ಲಸ್ ಮೂರು ಮಹಡಿವರೆಗಿನ ಮನೆಗೆ ಓಸಿ ಬೇಡ. 30x40 ಸೈಟಿನೋರು ಉಸಿರು ಬಿಟ್ರು. ಅದೇ 30x40ರಲ್ಲಿ ಬಾಡಿಗೆ ಆಸೆಗೆ ಇನ್ನೊಂದು ಫ್ಲೋರ್ ಏರಿಸಿದೋರು ಮಾತ್ರ ಕಟ್ಟುವಾಗ ತಗೊಂಡ ಟೆಂಪರರಿ ಕನೆಕ್ಷನ್ನಿಗೇ ದುಬಾರಿ ಬಿಲ್ ಕಟ್ಕೊಂಡು ಕೂತ್ರು.