ಟೂಲ್‌ಬಾಕ್ಸ್ ಮರ್ಡರ್ಸ್: ಸಣ್ಣ ಸಿನಿಮಾ, ಮುಗಿಯದ ಜಗಳ

ಮುಖಕ್ಕೆ ಸ್ಕೀ ಮಾಸ್ಕ್, ಕೈಗೆ ಕಪ್ಪು ಗ್ಲೌಸ್, ಜೊತೆಗೊಂದು ಟೂಲ್‌ಬಾಕ್ಸ್. ಲಾಸ್ ಏಂಜಲೀಸ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಹೆಂಗಸರ ಮನೆಗಳಿಗೆ ನುಗ್ಗಿ ಕೊಲ್ಲುವವನ ಕಥೆ. ಡ್ರಿಲ್, ಸುತ್ತಿಗೆ, ಸ್ಕ್ರೂಡ್ರೈವರ್, ಮೊಳೆ ಹೊಡೆಯುವ ಗನ್ನು ಅವನ ಆಯುಧಗಳು. 'ದಿ ಟೂಲ್‌ಬಾಕ್ಸ್ ಮರ್ಡರ್ಸ್' ಅಂತ ಹೆಸರು. 1978ರಲ್ಲಿ ಅಮೆರಿಕದಲ್ಲಿ ಬಂತು. ನಿರ್ದೇಶಕ ಡೆನಿಸ್ ಡೊನೆಲಿ ಟಿವಿಯಲ್ಲಿ ಪಳಗಿದವರು. 'ಟೆಕ್ಸಸ್ ಚೈನ್ ಸಾ ಮ್ಯಾಸಕರ್' ಅನ್ನೋ ಹಾರರ್ ಸಿನಿಮಾ ದುಡ್ಡು ಮಾಡಿದ್ದು ನೋಡಿ ಅಂಥದ್ದೇ ಒಂದು ಬೇಕು ಅಂತ ಮಾಡಿಸಿದ ಸಿನಿಮಾ ಇದು.

ನಮ್ಮಲ್ಲಿ ಇದರ ಹೆಸರು ಕೇಳಿದವರು ಕಡಿಮೆ. ಅದೇ ವರ್ಷದ ಕೊನೆಯಲ್ಲಿ ಬಂದ 'ಹ್ಯಾಲೋವೀನ್' ಎಲ್ಲರಿಗೂ ಗೊತ್ತು. ಆದರೆ ಮುಸುಕು ಹಾಕಿದ ಕೊಲೆಗಾರ ಹೆಂಗಸರ ಬೆನ್ನು ಹತ್ತುವ ಸಿನಿಮಾಗಳನ್ನು ಏನು ಮಾಡಬೇಕು ಅನ್ನೋ ಜಗಳ ಎಲ್ಲೆಲ್ಲಿ ನಡೆಯಿತೋ ಅಲ್ಲೆಲ್ಲ ಈ ಸಣ್ಣ ಸಿನಿಮಾ ಹಾಜರಿದೆ. ಬ್ರಿಟನ್‌ನ ಪ್ರಾಸಿಕ್ಯೂಷನ್ ಇಲಾಖೆಯ ಪಟ್ಟಿಯಲ್ಲಿ ಇದೆ. ಅಮೆರಿಕದ ಮನಶ್ಶಾಸ್ತ್ರದ ಪ್ರಯೋಗಾಲಯದಲ್ಲೂ ಇದೆ. ಈಗ ಹಿಂದಿರುಗಿ ನೋಡಿದರೆ ಯಾರು ಯಾವುದಕ್ಕೆ ಸಿಟ್ಟಾಗಿದ್ದರು ಅನ್ನೋದೇ ಗೋಜಲು. ಹಾಗಾಗಿ ಮೊದಲಿನಿಂದ ನೋಡೋಣ.

ಈ ಬಗೆಯ ಸಿನಿಮಾ ಅಮೆರಿಕದಲ್ಲಿ ಹುಟ್ಟಿದ್ದಲ್ಲ. 1960ರಲ್ಲಿ ಬ್ರಿಟನ್‌ನ 'ಪೀಪಿಂಗ್ ಟಾಮ್' ಹೆಂಗಸರ ಭಯವನ್ನೇ ಕ್ಯಾಮೆರಾದಲ್ಲಿ ಹಿಡಿಯುವ ಕೊಲೆಗಾರನನ್ನು ತೋರಿಸಿತು. 1964ರಲ್ಲಿ ಇಟಲಿಯ ಮಾರಿಯೋ ಬಾವಾ 'ಬ್ಲಡ್ ಆ್ಯಂಡ್ ಬ್ಲ್ಯಾಕ್ ಲೇಸ್' ಮಾಡಿದರು. ಒಂದು ಫ್ಯಾಷನ್ ಹೌಸು, ಅಲ್ಲಿನ ಮಾಡೆಲ್‌ಗಳು, ಕಣ್ಣು ಮೂಗು ಕಾಣದ ಬಿಳಿ ಮುಸುಕಿನ ಕೊಲೆಗಾರ. ಕ್ಯಾಮೆರಾ ಸರಾಗವಾಗಿ ಓಡಲಿ ಅಂತ ಮಕ್ಕಳ ಆಟದ ಗಾಡಿಯ ಮೇಲೆ ಇಟ್ಟು ತಳ್ಳಿದರಂತೆ. ಅದರಲ್ಲಿ ಫ್ಯಾಷನ್ ಹೌಸ್ ನಡೆಸುವವನಾಗಿ ನಟಿಸಿದ ಕ್ಯಾಮೆರಾನ್ ಮಿಚೆಲ್ 14 ವರ್ಷದ ನಂತರ ಟೂಲ್‌ಬಾಕ್ಸ್ ಸಿನಿಮಾದಲ್ಲಿ ಅಪಾರ್ಟ್‌ಮೆಂಟಿನ ಮಾಲೀಕ. ನಡುವೆ 1974ರಲ್ಲಿ ಕೆನಡಾದಿಂದ 'ಬ್ಲ್ಯಾಕ್ ಕ್ರಿಸ್ಮಸ್' ಬಂದು ಹೋಯಿತು. 'ಹ್ಯಾಲೋವೀನ್' ಬಂದ ಮೇಲಂತೂ ಸಾಲುಸಾಲು.

ಟೂಲ್‌ಬಾಕ್ಸ್ ಸಿನಿಮಾದ ಕೊಲೆಗಳು ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಮುಗಿದುಹೋಗುತ್ತವೆ. ಆಮೇಲೆ 15 ವರ್ಷದ ಹುಡುಗಿಯೊಬ್ಬಳ ಅಪಹರಣ, ಅವಳನ್ನು ಹುಡುಕುವ ಸೋದರ, ಮಗಳನ್ನು ಕಳೆದುಕೊಂಡು ಬುದ್ಧಿ ಕೆಟ್ಟ ಒಬ್ಬ ತಂದೆ. ಆದರೆ ಜನಕ್ಕೆ ನೆನಪಿರೋದು ಒಂದೇ ದೃಶ್ಯ. ಬಾತ್‌ಟಬ್‌ನಲ್ಲಿ ಒಬ್ಬಳು ಹೆಂಗಸು. ಹಿನ್ನೆಲೆಯಲ್ಲಿ ಹಿತವಾದ ಕಂಟ್ರಿ ಹಾಡು. ಕ್ಯಾಮೆರಾಗೆ ಅವಸರವೇ ಇಲ್ಲ. ಅವಳ ಮೈಯನ್ನು ಸಾವಕಾಶವಾಗಿ ನೋಡುತ್ತದೆ. ಆಮೇಲೆ ಕೊಲೆಗಾರ ಮೊಳೆ ಗನ್ನಿನೊಂದಿಗೆ ಬರುತ್ತಾನೆ. ಆಸೆಯಿಂದ ನೋಡಿದ ಕಣ್ಣಿನಿಂದಲೇ ಸಾವನ್ನೂ ನೋಡಬೇಕು. ನನ್ನ ಮಟ್ಟಿಗೆ ರಕ್ತಕ್ಕಿಂತ ಜಾಸ್ತಿ ಕಾಡುವುದು ಇದೇ. ಸಿನಿಮಾ ನಮ್ಮನ್ನು ಯಾರ ಪಕ್ಕ ಕೂರಿಸುತ್ತದೆ ಅನ್ನೋದು ಇಲ್ಲಿನ ಪ್ರಶ್ನೆ.

ಆ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಕೇಳಿದವರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿನ ಹೆಂಗಸರೂ ಇದ್ದರು. ಅವರಿಗೆ ಅದು ಸಿನಿಮಾದ ಪ್ರಶ್ನೆ ಮಾತ್ರ ಆಗಿರಲಿಲ್ಲ. 1975ರಿಂದ 1980ರ ನಡುವೆ ಉತ್ತರ ಇಂಗ್ಲೆಂಡಿನಲ್ಲಿ ಒಬ್ಬನೇ ಹಂತಕ 13 ಹೆಂಗಸರನ್ನು ಕೊಂದಿದ್ದ. ರಾತ್ರಿ ಒಬ್ಬರೇ ಹೊರಗೆ ಬರಬೇಡಿ ಅಂತ ಪೊಲೀಸರು ಹೆಂಗಸರಿಗೆ ಹೇಳಿದರು. ಕೊಲ್ಲುವವನು ಗಂಡಸು, ಮನೆಯಲ್ಲಿ ಇರಬೇಕಾದವರು ನಾವಾ ಅಂತ ಹೆಂಗಸರು ಕೇಳಿದರು. ನ್ಯಾಯವಾದ ಮಾತೇ ಅಲ್ವಾ? 1977ರ ನವೆಂಬರ್‌ನಲ್ಲಿ ಬ್ರಿಟನ್‌ನ ಹಲವು ಊರುಗಳಲ್ಲಿ ಹೆಂಗಸರು ರಾತ್ರಿ ಹೊತ್ತು ಮೆರವಣಿಗೆ ಹೊರಟರು. ರಾತ್ರಿ ನಮ್ಮದೂ ಹೌದು ಅನ್ನೋದು ಅವರ ಬೇಡಿಕೆ.

1980ರ ನವೆಂಬರ್‌ನಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯ ಕೊಲೆಯಾಯಿತು. ಹೊರಗೆ ಬೀದಿಯಲ್ಲಿ ಹೀಗಿದ್ದಾಗ ಊರಿನ ಥಿಯೇಟರಿನಲ್ಲಿ 'ಡ್ರೆಸ್ಡ್ ಟು ಕಿಲ್' ಓಡುತ್ತಿತ್ತು. ಹೆಂಗಸನ್ನು ಕ್ಷೌರದ ಕತ್ತಿಯಿಂದ ಕೊಲ್ಲುವ ಸಿನಿಮಾ. ಪ್ರತಿಭಟನೆಗೆ ಬಂದವರು ಒಳಗೆ ನುಗ್ಗಿ ತೆರೆಗೆ ಕೆಂಪು ಬಣ್ಣ ಎರಚಿದರು. ಆ ಹೆಂಗಸರಿಗೆ ಸಿನಿಮಾ ಅರ್ಥವಾಗಲಿಲ್ಲ ಅಂತ ಆಮೇಲೆ ಬರೆದವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಬಸ್ ಸ್ಟಾಪಿನಿಂದ ಮನೆಗೆ ನಡೆಯುವಾಗ ಹಿಂದೆ ತಿರುಗಿ ತಿರುಗಿ ನೋಡಬೇಕಾದವರಿಗೆ ಅದೇ ಭಯವನ್ನು ಟಿಕೆಟ್ ಇಟ್ಟು ಮಾರಿದರೆ ಸಿಟ್ಟು ಬಾರದೆ ಇರುತ್ತದೆಯೇ?

ಇದಾಗಿ ಎರಡೇ ವರ್ಷದೊಳಗೆ ಜಗಳದ ದಿಕ್ಕು ಬದಲಾಯಿತು. ಈ ಇಡೀ ಕಥೆಯಲ್ಲಿ ನಾವು ನಿಧಾನವಾಗಿ ನೋಡಬೇಕಾದ್ದು ಈ ಘಟ್ಟವನ್ನೇ.

ಅಷ್ಟರಲ್ಲಿ ವಿಡಿಯೋ ಕ್ಯಾಸೆಟ್ ಮನೆಮನೆಗೆ ಬಂದಿತ್ತು. ಬ್ರಿಟನ್‌ನಲ್ಲಿ ಥಿಯೇಟರಿಗೆ ಬರುವ ಸಿನಿಮಾಕ್ಕೆ ಸೆನ್ಸಾರ್ ಇತ್ತು, ಕ್ಯಾಸೆಟ್ಟಿಗೆ ಇರಲಿಲ್ಲ. ಮೂಲೆ ಅಂಗಡಿಯಲ್ಲಿ ಹಾಲು, ಪೇಪರಿನ ಜೊತೆ ಹಾರರ್ ಕ್ಯಾಸೆಟ್ಟೂ ಬಾಡಿಗೆಗೆ ಸಿಗುತ್ತಿತ್ತು. 1982ರಲ್ಲಿ 'ಡ್ರಿಲ್ಲರ್ ಕಿಲ್ಲರ್' ಅನ್ನೋ ಸಿನಿಮಾದ ಜಾಹೀರಾತು ವಿಡಿಯೋ ಪತ್ರಿಕೆಗಳಲ್ಲಿ ಬಂತು. ಹಣೆಗೆ ಡ್ರಿಲ್ ಇಳಿಯುವ ಚಿತ್ರ. ದೂರುಗಳು ಶುರುವಾದವು. ಆ ಚಿತ್ರದಲ್ಲಿ ಸಾಯುತ್ತಿರುವುದು ಒಬ್ಬ ಗಂಡಸು ಅನ್ನೋದನ್ನು ಗಮನಿಸಿ. ಹೆಂಗಸರ ಮೇಲಿನ ಹಿಂಸೆ ಅನ್ನೋ ಮಾತು ಮಾಯವಾಗಿ, ಮಕ್ಕಳು ಇದನ್ನು ನೋಡಿಬಿಟ್ಟರೆ ಅನ್ನೋ ಮಾತು ಮುಂದೆ ಬಂತು. ಪತ್ರಿಕೆಗಳು ಇಂಥ ಕ್ಯಾಸೆಟ್ಟುಗಳಿಗೆ 'ವಿಡಿಯೋ ನ್ಯಾಸ್ಟಿ', ಅಂದರೆ ಅಸಹ್ಯದ ವಿಡಿಯೋ, ಅಂತ ಹೆಸರಿಟ್ಟವು.

1959ರ ಅಶ್ಲೀಲ ಪ್ರಕಟಣೆ ಕಾಯ್ದೆಯ ಕೆಳಗೆ ಪೊಲೀಸರು ಅಂಗಡಿಗಳ ಮೇಲೆ ದಾಳಿ ಮಾಡಿದರು. ಯಾವುದನ್ನು ಹಿಡಿಯಬೇಕು ಅನ್ನೋದು ಅವರಿಗೂ ಸ್ಪಷ್ಟ ಇರಲಿಲ್ಲ. ಹೆಸರು ನೋಡಿ ನೀಲಿ ಚಿತ್ರ ಅಂದುಕೊಂಡು ಎರಡನೇ ಮಹಾಯುದ್ಧದ ಸಿನಿಮಾ 'ದಿ ಬಿಗ್ ರೆಡ್ ಒನ್' ಹಿಡಿದರು ಅಂತಲೂ ಆಗ ವರದಿಯಾಯಿತು. ಗೊಂದಲ ತಪ್ಪಿಸಲು ಪ್ರಾಸಿಕ್ಯೂಷನ್ ಇಲಾಖೆ ಒಂದು ಪಟ್ಟಿ ಹೊರಡಿಸಿತು. ಅದರಲ್ಲಿ ಬಂದು ಹೋದ ಸಿನಿಮಾಗಳು ಒಟ್ಟು 72. ಅವುಗಳಲ್ಲಿ 39 ಅಶ್ಲೀಲ ಅಂತ ಕೋರ್ಟಿನಲ್ಲಿ ತೀರ್ಮಾನವಾಯಿತು. ಟೂಲ್‌ಬಾಕ್ಸ್ ಉಳಿದ 33ರಲ್ಲಿ ಸೇರಿತು. ಅಂದರೆ ತಪ್ಪು ಸಾಬೀತಾಗಲಿಲ್ಲ, ಆದರೂ ಕಳಂಕ ಅಂಟಿತು. ಆ ದೇಶದಲ್ಲಿ ದಶಕಗಳ ಕಾಲ ಅದು ಪೂರ್ತಿಯಾಗಿ ಸಿಗಲಿಲ್ಲ.

1984ರ ಹೊತ್ತಿಗೆ ವಿಡಿಯೋಗೂ ಸರ್ಟಿಫಿಕೇಟ್ ಕಡ್ಡಾಯ ಮಾಡುವ ಕಾಯ್ದೆ ಬಂತು. ಅದಕ್ಕೆ ಬಲ ಕೊಟ್ಟ ಒಂದು ಸಮೀಕ್ಷೆ, ಎಳೆ ಮಕ್ಕಳೂ ಈ ಸಿನಿಮಾಗಳನ್ನು ನೋಡಿದ್ದಾರೆ ಅಂತ ಹೇಳಿತ್ತು. ಬೇರೆ ಸಂಶೋಧಕರು ಇದನ್ನು ಪರೀಕ್ಷಿಸಲು ಒಂದು ಉಪಾಯ ಮಾಡಿದರು. ಇಲ್ಲದ ಸಿನಿಮಾಗಳ ಹೆಸರನ್ನು ಪಟ್ಟಿಯಲ್ಲಿ ಸೇರಿಸಿ ಶಾಲೆಯ ಮಕ್ಕಳಿಗೆ ಕೊಟ್ಟರು. ಬಹಳ ಮಕ್ಕಳು ಅವನ್ನೂ ನೋಡಿದ್ದೇವೆ ಅಂದರು! ಅಷ್ಟರಲ್ಲಿ ಸಾರ್ವಜನಿಕ ಅಭಿಪ್ರಾಯ ಗಟ್ಟಿಯಾಗಿತ್ತು. ಮಕ್ಕಳ ರಕ್ಷಣೆ ಬೇಡ ಅಂತ ಯಾರೂ ಹೇಳುವುದಿಲ್ಲ. ಆದರೆ ಲೀಡ್ಸ್‌ನಲ್ಲಿ ಬಣ್ಣ ಎರಚಿದವರು ಕೇಳಿದ್ದು ಬೇರೆಯೇ ಆಗಿತ್ತು. ಅವರ ಪ್ರಶ್ನೆ ಕಾಯ್ದೆಯ ಚರ್ಚೆಯಲ್ಲಿ ಕಳೆದುಹೋಯಿತು.

ಅಮೆರಿಕದಲ್ಲಿ ಅದು ಪೂರ್ತಿ ಕಳೆದುಹೋಗಲಿಲ್ಲ. 1980ರಲ್ಲೇ ವಿಮರ್ಶಕರಾದ ಜೀನ್ ಸಿಸ್ಕೆಲ್ ಮತ್ತು ರೋಜರ್ ಈಬರ್ಟ್ ತಮ್ಮ ಟಿವಿ ಕಾರ್ಯಕ್ರಮದ ಒಂದು ಇಡೀ ಕಂತನ್ನು ಇದಕ್ಕೆ ಮೀಸಲಿಟ್ಟರು. ಕ್ಯಾಮೆರಾ ಕೊಲೆಗಾರನ ಕಣ್ಣಾದಾಗ ಪ್ರೇಕ್ಷಕನೂ ಅವನ ಜೊತೆ ಸೇರುತ್ತಾನೆ ಅನ್ನೋದು ಅವರ ತಕರಾರು. 'ಹ್ಯಾಲೋವೀನ್' ಮಾತ್ರ ಬೇರೆ, ಅಲ್ಲಿ ನಾವು ಹುಡುಗಿಯ ಪರ ಇರುತ್ತೇವೆ ಅಂತಲೂ ಬಿಡಿಸಿ ಹೇಳಿದರು.

ಆಮೇಲೆ ಬಂದದ್ದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಯೋಗ. ಡೇನಿಯಲ್ ಲಿಂಜ್, ಎಡ್ವರ್ಡ್ ಡಾನರ್‌ಸ್ಟೀನ್ ಮತ್ತು ಸ್ಟೀವನ್ ಪೆನ್ರಾಡ್ 1984ರಲ್ಲಿ ಪ್ರಕಟಿಸಿದ್ದು. ಗಂಡು ವಿದ್ಯಾರ್ಥಿಗಳಿಗೆ ಐದು ದಿನ, ದಿನಕ್ಕೊಂದರಂತೆ ಹೆಂಗಸರ ಮೇಲಿನ ಹಿಂಸೆಯ ಸಿನಿಮಾ ತೋರಿಸಿದರು. ಅವುಗಳಲ್ಲಿ ಟೂಲ್‌ಬಾಕ್ಸ್ ಕೂಡ ಒಂದು. ಮೊದಲ ದಿನ ತಳಮಳಗೊಂಡ ಹುಡುಗರಿಗೆ ಕೊನೆಯ ದಿನದ ಹೊತ್ತಿಗೆ ಹಿಂಸೆ ಕಡಿಮೆ ಅನಿಸತೊಡಗಿತ್ತು. ಬಳಿಕ ಅತ್ಯಾಚಾರ ಪ್ರಕರಣವೊಂದರ ವಿಚಾರಣೆಯನ್ನು ನಟಿಸಿ ತೋರಿಸಿದಾಗ, ಈ ಸಿನಿಮಾ ನೋಡದವರಿಗಿಂತ ಇವರು ಸಂತ್ರಸ್ತೆಗೆ ಆದ ನೋವನ್ನು ಕಡಿಮೆ ಅಂತ ಅಂದಾಜು ಮಾಡಿದರು.

ಈ ಫಲಿತಾಂಶವನ್ನು ಎಲ್ಲ ಪಕ್ಷದವರೂ ತಮಗೆ ಬೇಕಾದ ಹಾಗೆ ಎಳೆದಾಡಿದರು. ಪ್ರಯೋಗಾಲಯದ ಐದು ದಿನ ಬದುಕಿನ ಅಳತೆಗೋಲಲ್ಲ ಅನ್ನೋದು ಸರಿಯೇ. ಆದರೂ ನನಗೆ ಇದನ್ನು ಸುಮ್ನೆ ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ಇವನು ಸಿನಿಮಾ ನೋಡಿ ಕೊಲೆ ಮಾಡುತ್ತಾನಾ ಅಂತ ಅವರು ಕೇಳಲಿಲ್ಲ. ಇವಳ ನೋವು ಇವನಿಗೆ ತಟ್ಟುತ್ತದಾ ಅಂತ ಕೇಳಿದರು. ಎರಡನೆಯದೇ ಸರಿಯಾದ ಪ್ರಶ್ನೆ.

ಮುಂದೆ ಲೆಕ್ಕ ಹಾಕುವವರೂ ಬಂದರು. ಸ್ಲ್ಯಾಷರ್ ಅಂತ ಕರೆಯುವ ಈ ಬಗೆಯ ಸಿನಿಮಾಗಳಲ್ಲಿ ಸಾಯುವ ಗಂಡಸರ ಸಂಖ್ಯೆ ಹೆಂಗಸರಿಗಿಂತ ಕಡಿಮೆಯೇನೂ ಇಲ್ಲ ಅಂತ ಕಂಡುಬಂತು. ಆದರೆ ಭಯದಲ್ಲಿ ನಡುಗುತ್ತಾ ತೆರೆಯ ಮೇಲೆ ಜಾಸ್ತಿ ಹೊತ್ತು ಇರುವವರು ಹೆಂಗಸರು. ಗಂಡಸು ತಟ್ಟನೆ ಸಾಯುತ್ತಾನೆ, ಹೆಂಗಸು ಓಡಬೇಕು. 1987ರಲ್ಲಿ ಕರೋಲ್ ಕ್ಲೋವರ್ ಅನ್ನೋ ವಿದ್ವಾಂಸೆ ಇದನ್ನೇ ಇನ್ನೊಂದು ತುದಿಯಿಂದ ನೋಡಿದರು. ಕೊನೆಗೆ ಬದುಕುಳಿದು ಕೊಲೆಗಾರನನ್ನು ಎದುರಿಸುವವಳೂ ಹೆಂಗಸೇ. ಗಂಡು ಪ್ರೇಕ್ಷಕರೂ ಕೊನೆಗೆ ಅವಳ ಪರ ಕೂಗುತ್ತಾರೆ ಅಂತ ತೋರಿಸಿಕೊಟ್ಟರು. 'ಫೈನಲ್ ಗರ್ಲ್' ಅನ್ನೋ ಹೆಸರು ಬಂದದ್ದು ಅಲ್ಲಿಂದ. ಅದಕ್ಕೂ ಮೊದಲೇ, 1982ರಲ್ಲಿ, ಸ್ತ್ರೀವಾದಿ ಲೇಖಕಿ ರೀಟಾ ಮೇ ಬ್ರೌನ್ ಬರೆದು ಏಮಿ ಹೋಲ್ಡನ್ ಜೋನ್ಸ್ ನಿರ್ದೇಶಿಸಿದ ಸ್ಲ್ಯಾಷರ್ ಒಂದು ಬಂದಿತ್ತು. 'ದಿ ಸ್ಲಂಬರ್ ಪಾರ್ಟಿ ಮ್ಯಾಸಕರ್'. ಅದರ ಕೊಲೆಗಾರನ ಕೈಯಲ್ಲೂ ಡ್ರಿಲ್. ಕೊನೆಯಲ್ಲಿ ಹುಡುಗಿಯೊಬ್ಬಳು ಆ ಡ್ರಿಲ್ಲನ್ನೇ ತುಂಡರಿಸುತ್ತಾಳೆ.

ಬ್ರಿಟನ್‌ನ ಆ ವಿಡಿಯೋ ಕಾಯ್ದೆಗೆ 2009ರಲ್ಲಿ ಅನಿರೀಕ್ಷಿತ ಪೆಟ್ಟು ಬಿತ್ತು. 1984ರಲ್ಲಿ ಯುರೋಪಿಯನ್ ಕಮಿಷನ್ನಿಗೆ ತಿಳಿಸಬೇಕಾದ ಔಪಚಾರಿಕತೆ ಬಿಟ್ಟುಹೋಗಿತ್ತು, ಹಾಗಾಗಿ ಅದನ್ನು ಜಾರಿ ಮಾಡುವಂತಿಲ್ಲ ಅಂತ ಗೊತ್ತಾಯಿತು. ಅಂದರೆ 25 ವರ್ಷ ಜನರ ಮೇಲೆ ಕೇಸು ಹಾಕಿದ ಕಾಯ್ದೆಗೆ ನೆಟ್ಟಗೆ ಕಾಲೇ ಇರಲಿಲ್ಲ. 2010ರಲ್ಲಿ ಅದನ್ನೇ ಮತ್ತೆ ಪಾಸು ಮಾಡಿದರು.

ಎರಡು ವರ್ಷದ ನಂತರ, 2012ರಲ್ಲಿ, ಅಲ್ಲಿನ ಸಿನಿಮಾ ವರ್ಗೀಕರಣ ಮಂಡಳಿ ಹೆಂಗಸರು ಗಂಡಸರು ಇಬ್ಬರಿಗೂ ಇಂಥ ಸಿನಿಮಾಗಳನ್ನು ತೋರಿಸಿ ಅಭಿಪ್ರಾಯ ಕೇಳಿತು. ಆ ಡಿಸೆಂಬರ್‌ನಲ್ಲಿ ನಿಯಮಗಳನ್ನು ತಿದ್ದಿತು. ಎಷ್ಟು ರಕ್ತ ಅನ್ನೋದಕ್ಕಿಂತ, ಲೈಂಗಿಕ ಹಿಂಸೆ ಅಥವಾ ಕ್ರೌರ್ಯವನ್ನು ಆಕರ್ಷಕವಾಗಿ ತೋರಿಸಿದೆಯೇ, ನೋಡುವವರನ್ನು ಹಿಂಸಿಸುವವನ ಸುಖದಲ್ಲಿ ಪಾಲುದಾರರಾಗಲು ಕರೆಯುತ್ತದೆಯೇ ಅನ್ನೋದಕ್ಕೆ ಹೆಚ್ಚು ತೂಕ ಬಂತು. ಬಾತ್‌ಟಬ್ ದೃಶ್ಯದ ಬಗ್ಗೆ 1978ರಲ್ಲೇ ಕೇಳಬೇಕಿದ್ದ ಪ್ರಶ್ನೆ ಇದು. ಲೀಡ್ಸ್‌ನ ಹೆಂಗಸರು ಬಣ್ಣದ ಡಬ್ಬ ಹಿಡಿದು ಅದನ್ನು ಕೇಳಿ ಆಗಲೇ 32 ವರ್ಷ ಆಗಿತ್ತು.