ನೆಟ್ ಹೋಗಿ ಬಂದ್ರೂ ಕೆಲಸ ನಿಲ್ಲಬಾರ್ದು

ತೀರ್ಥಹಳ್ಳಿ, ಹೊಸನಗರ ಕಡೆ ಮನೆಯಿಂದ್ಲೇ ಕೋಡಿಂಗ್ ಮಾಡೋರಿಗೆ ಮಳೆಗಾಲ ಹಿಡೀತು ಅಂದ್ರೆ ಇದೇ ಚಿಂತೆ, ಎಲ್ಲೋ ಒಂದು ಮರ ಲೈನ್ ಮೇಲೆ ಬೀಳುತ್ತೆ, ಕರೆಂಟ್ ಹೋಗುತ್ತೆ, ಇನ್ವರ್ಟರ್ ಇದ್ರೂ ಫೈಬರ್ ಇರಲ್ಲ, ಮೊಬೈಲ್ ಹಾಟ್‌ಸ್ಪಾಟ್ ಹಾಕೋ ಅಷ್ಟೊತ್ತಿಗೆ ಸರ್ವರ್ ಜೊತೆಗಿದ್ದ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗೋ ದಾರಿ) ಕನೆಕ್ಷನ್ ಕಟ್ ಆಗಿರುತ್ತೆ. ಹೊಸ ಎಡಿಟರ್, ಹೊಸ ಥೀಮ್ ಎಲ್ಲಾ ಆಮೇಲೆ ನೋಡ್ಕೊಳಿ, ಮೊದ್ಲು ಇದನ್ನ ಸರಿ ಮಾಡ್ಕೊಳಿ ಅಂತೀನಿ ನಾನು.

ಎಸ್‌ಎಸ್‌ಎಚ್ ಓಡೋದು ಟಿಸಿಪಿ ಮೇಲೆ, ಅಂದ್ರೆ ಮೊದ್ಲು ಕನೆಕ್ಷನ್ ಕಟ್ಟಿ ಆಮೇಲೆ ಡೇಟಾ ಕಳಿಸೋ ನಿಯಮ. ಟಿಸಿಪಿ ಒಂದು ಕನೆಕ್ಷನ್ನನ್ನ ಗುರುತು ಹಿಡಿಯೋದು ಎರಡೂ ಕಡೆ ಐಪಿ ಅಡ್ರೆಸ್ ಮತ್ತೆ ಪೋರ್ಟ್ ನಂಬರಿಂದ, ವೈಫೈ ಬಿಟ್ಟು ಹಾಟ್‌ಸ್ಪಾಟ್‌ಗೆ ಹೋದ ತಕ್ಷಣ ನಮ್ಮ ಐಪಿ ಬದಲಾಗುತ್ತೆ, ಸರ್ವರ್ ಪಾಪ ಹಳೇ ಅಡ್ರೆಸ್ಸಿಗೇ ಕಳಿಸ್ತಾ ಇರುತ್ತೆ. ಇದಕ್ಕೆ ಪರಿಹಾರ ಮಾಶ್, 2012ರಲ್ಲಿ ಅಮೆರಿಕದ ಎಂಐಟಿಯಿಂದ ಬಂದ ರಿಮೋಟ್ ಟರ್ಮಿನಲ್ ಪ್ರೋಗ್ರಾಂ. ಅದ್ರಲ್ಲಿ ಲಾಗಿನ್ ಮಾತ್ರ ಎಸ್‌ಎಸ್‌ಎಚ್, ಆಮೇಲೆಲ್ಲಾ ಯುಡಿಪಿ, ಅಂದ್ರೆ ಕನೆಕ್ಷನ್ ಕಟ್ಟದೆ ಒಂದೊಂದೇ ಪ್ಯಾಕೆಟ್ ಕಳಿಸೋ ನಿಯಮ. ಪ್ರತಿ ಪ್ಯಾಕೆಟ್ಟೂ ಎನ್‌ಕ್ರಿಪ್ಟ್ ಆಗಿ, ಕ್ರಮಸಂಖ್ಯೆ ಜೊತೆ ಹೋಗುತ್ತೆ, ಬೇರೆ ಅಡ್ರೆಸ್ಸಿಂದ ಅಸಲಿ ಪ್ಯಾಕೆಟ್ ಬಂತು ಅಂದ್ರೆ ಸರ್ವರ್ ಮುಂದಿನ ಉತ್ತರ ಅಲ್ಲಿಗೇ ಕಳಿಸುತ್ತೆ. ಎಷ್ಟು ಸರಳ, ಎಷ್ಟು ಚಂದ! ಒತ್ತಿದ ಅಕ್ಷರ ಸರ್ವರ್‌ಗೆ ಹೋಗಿ ವಾಪಸ್ ಬರೋತನಕ ಕಾಯಲ್ಲ, ಇಲ್ಲೇ ಊಹೆ ಮಾಡಿ ತೋರಿಸಿಬಿಡುತ್ತೆ, ನೆಟ್ ನಿಧಾನ ಇದ್ರೆ ಇನ್ನೂ ಖಾತ್ರಿಯಾಗದ ಅಕ್ಷರಗಳ ಕೆಳಗೆ ಗೆರೆ ಎಳೆದಿರುತ್ತೆ. ಸರ್ವರ್‌ನ ಫೈರ್‌ವಾಲ್‌ನಲ್ಲಿ ಯುಡಿಪಿ 60000ದಿಂದ 61000ದವರೆಗಿನ ಪೋರ್ಟ್ ತೆಗೆಸ್ಬೇಕು, ಇದನ್ನ ಮರೆತ್ರೆ ಮಾಶ್ ಕನೆಕ್ಟೇ ಆಗಲ್ಲ.

ಲ್ಯಾಪ್‌ಟಾಪೇ ಆಫ್ ಆದ್ರೆ? ಅದಕ್ಕೆ ಟಿಮಕ್ಸ್, ಟರ್ಮಿನಲ್ ಸೆಷನ್ನನ್ನ ಹಿಡಿದಿಟ್ಕೊಳ್ಳೋ ಪ್ರೋಗ್ರಾಂ. ಸೆಷನ್ ಸರ್ವರ್‌ನಲ್ಲೇ ಬದುಕಿರುತ್ತೆ, ಬಿಲ್ಡ್ ಓಡ್ತಾನೇ ಇರುತ್ತೆ, ಕರೆಂಟ್ ಬಂದ್ಮೇಲೆ ಅಟ್ಯಾಚ್ ಮಾಡಿದ್ರೆ ಆಯ್ತು. ಮಾಶ್‌ನಲ್ಲಿ ಹಳೇ ಔಟ್‌ಪುಟ್ ನೋಡೋಕೆ ಮೇಲೆ ಸ್ಕ್ರಾಲ್ ಮಾಡಕ್ಕಾಗಲ್ಲ, ಟಿಮಕ್ಸ್‌ನಲ್ಲಿ ಆಗುತ್ತೆ, ಹಾಗಾಗಿ ಎರಡೂ ಒಟ್ಟಿಗೇ ಇರ್ಲಿ.

ದೊಡ್ಡ ಫೈಲ್ ಕಳಿಸೋಕೆ ಆರ್‌ಸಿಂಕ್, ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಕೊಟ್ಟಿದ್ದು. ಆ ಕಡೆ ಇರೋ ಹಳೇ ಫೈಲನ್ನ ತುಂಡು ತುಂಡು ಮಾಡಿ ಚೆಕ್‌ಸಮ್ (ಆ ತುಂಡಿನಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹೋಲಿಸಿ, ಬದಲಾದಷ್ಟನ್ನ ಮಾತ್ರ ಕಳಿಸುತ್ತೆ. ಪಾರ್ಶಿಯಲ್ ಆಪ್ಶನ್ ಹಾಕಿದ್ರೆ ಅರ್ಧ ಹೋದ ಫೈಲೂ ವ್ಯರ್ಥ ಆಗಲ್ಲ. ಇದೇ ಟ್ರಿಡ್ಜೆಲ್ ಬಿಟ್‌ಕೀಪರ್ (ಕೋಡ್ ಬದಲಾವಣೆಗಳ ಲೆಕ್ಕ ಇಡೋಕೆ ಆಗ ಲಿನಕ್ಸ್ ಡೆವಲಪರ್‌ಗಳು ಬಳಸ್ತಿದ್ದ ಸಾಫ್ಟ್‌ವೇರ್) ಒಳಗೆ ಹೇಗೆ ಕೆಲಸ ಮಾಡುತ್ತೆ ಅಂತ ಕೆದಕಿದ್ದಕ್ಕೆ ಜಗಳ ಆಗಿ, ಲಿನಕ್ಸ್ ಡೆವಲಪರ್‌ಗಳಿಗಿದ್ದ ಉಚಿತ ಲೈಸೆನ್ಸ್ ಹೋಯ್ತು, ಆಗ ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಅದರ ಬದಲಿಗೆ 2005ರಲ್ಲಿ ಗಿಟ್ ಬರೆದ್ರು. ಗಿಟ್‌ನಲ್ಲಿ ಕ್ಲೋನ್ ಮಾಡಿದವ್ರ ಹತ್ರ ಪೂರ್ತಿ ಇತಿಹಾಸ ಇರುತ್ತೆ, ಕಮಿಟ್, ಬ್ರಾಂಚ್, ಲಾಗ್ ಯಾವುದಕ್ಕೂ ನೆಟ್ ಬೇಡ. ಮೋಡ ಕಟ್ಟಿದ್ದು ಕಂಡ್ರೆ ಒಂದ್ಸಲ ಗಿಟ್ ಫೆಚ್ (ಸರ್ವರ್‌ನಲ್ಲಿರೋ ಹೊಸ ಬದಲಾವಣೆ ಇಳಿಸ್ಕೊಳ್ಳೋ ಕಮಾಂಡ್) ಹೊಡೆದಿಟ್ಕೊಳಿ, ಲೈನ್ ಸರಿ ಮಾಡೋರು ಬರೋತನಕ ಮರ್ಜ್, ರೀಬೇಸ್ ಎಲ್ಲಾ ಮುಗಿಸ್ಬಹುದು.